ಗೊಂಬೆ ಮನೆಯಲ್ಲಿ ರಜತ ಕಮಲ

ಸಿನಿಮಾ ಪ್ರಶಸ್ತಿಯ ಪಟ್ಟಿ ಕೈಗೆ ಸಿಕ್ಕರೆ ನಾನು ಅದನ್ನು ಕೆಳಗಿನಿಂದ ಮೇಲಕ್ಕೆ ಓದುತ್ತೇನೆ. ಅತ್ಯುತ್ತಮ ನಟ ಯಾರು, ನಟಿ ಯಾರು ಅನ್ನುವುದನ್ನು ಊರೇ ಕೂಗಿ ಹೇಳುತ್ತದೆ. ಹಾಲು ಹಾಕುವವರಿಂದ ಹಿಡಿದು ಆಟೋದವರವರೆಗೆ ಎಲ್ಲರ ಬಾಯಲ್ಲೂ ಅದೇ ಮಾತು. ಸಂಕಲನ, ಶಬ್ದಗ್ರಹಣ, ಪ್ರಸಾಧನ, ಕಿರುಚಿತ್ರ ಇವುಗಳ ಹೆಸರುಗಳನ್ನು ಮಾತ್ರ ಆ ಒಂದು ಸಂಜೆಯಷ್ಟೇ ಯಾರಾದರೂ ಗಟ್ಟಿಯಾಗಿ ಓದುತ್ತಾರೆ. ಅದೂ ದೆಹಲಿಯ ವಿಜ್ಞಾನ ಭವನದಲ್ಲಿ, ರಾಷ್ಟ್ರಪತಿಗಳ ಎದುರಿಗೆ. ಮರುದಿನದ ಪತ್ರಿಕೆಯಲ್ಲಿ ಆ ಹೆಸರುಗಳಿಗೆ ಒಂದು ಸಾಲಿನ ಜಾಗ ಸಿಕ್ಕರೆ ಪುಣ್ಯ. ಕತ್ತಲೆಯಲ್ಲಿ ಕೂತು ಕೆಲಸ ಮಾಡಿದವರು ಬೆಳಕಿಗೆ ಬಂದು, ಕೈ ಮುಗಿದು, ಪದಕ ಹಿಡಿದು ಇಳಿದು ಹೋಗುವ ಆ ಅರ್ಧ ನಿಮಿಷಕ್ಕಾಗಿಯೇ ನಾನು ಪ್ರತಿ ಸಲವೂ ಟಿ.ವಿ. ಮುಂದೆ ಕೂರುವುದು.

2024ರ ಅಕ್ಟೋಬರ್ 8, ಮಂಗಳವಾರ. 70ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ಪ್ರದಾನದ ದಿನ. ನವರಾತ್ರಿಯ ಆರನೆಯ ದಿನವೂ ಹೌದು. ಬಸವನಗುಡಿ, ಚಾಮರಾಜಪೇಟೆಯ ಕಡೆ ಆ ಒಂಬತ್ತು ದಿನ ಯಾರೂ ಸಂಜೆ ಅವರವರ ಮನೆಯಲ್ಲಿ ಇರುವುದಿಲ್ಲ. ಒಬ್ಬರ ಮನೆಯ ಗೊಂಬೆ ನೋಡಲು ಇನ್ನೊಬ್ಬರು ಹೋಗಿರುತ್ತಾರೆ. ನಾನು ಶಂಕರಪುರದ ಒಂದು ಹಳೆಯ ಮನೆಯಲ್ಲಿದ್ದೆ. ನಡುಮನೆಯಲ್ಲಿ ಬಿಳಿ ಪಂಚೆ ಹಾಸಿದ ಮೆಟ್ಟಿಲುಗಳು. ಮೇಲಿನ ಮೆಟ್ಟಿಲಿನಲ್ಲಿ ಕಲಶ, ಅದರ ಪಕ್ಕ ಅಜ್ಜಿಯ ತವರಿನಿಂದ ಬಂದ ಪಟ್ಟದ ಗೊಂಬೆಗಳು, ಹೊಸ ರೇಷ್ಮೆ ತುಂಡು ಉಟ್ಟುಕೊಂಡ ರಾಜ ರಾಣಿ. ಕೆಳಗೆ ಜಂಬೂಸವಾರಿ, ರಾಗಿ ಪೈರು ಬೆಳೆಸಿ ಮಾಡಿದ ಪಾರ್ಕು, ತಕ್ಕಡಿ ಹಿಡಿದ ಸೆಟ್ಟಿ ದಂಪತಿ. ಎದುರು ಗೋಡೆಯಲ್ಲಿ ಟಿ.ವಿ. ಅವತ್ತೇ ಹರಿಯಾಣ ಮತ್ತು ಜಮ್ಮು-ಕಾಶ್ಮೀರದ ಮತ ಎಣಿಕೆ ಇದ್ದದ್ದರಿಂದ ಸುದ್ದಿ ಚಾನೆಲ್ಲುಗಳಲ್ಲಿ ಬೇರೆ ಮಾತಿಗೆ ಜಾಗವೇ ಇರಲಿಲ್ಲ.

“ಸಾಕು ಕಣೋ ಆ ಎಲೆಕ್ಷನ್ನು, ದೂರದರ್ಶನ ಹಾಕು. ಕುಂದಾಪುರದ ಹುಡುಗನಿಗೆ ಇವತ್ತು ಕೊಡ್ತಾರೆ” ಎಂದು ಅಜ್ಜಿ ಮೊಮ್ಮಗನಿಗೆ ಹೇಳಿದರು. ಅರಿಶಿನ ಕುಂಕುಮಕ್ಕೆ ಬಂದವರೆಲ್ಲ ಕಡಲೆಕಾಳಿನ ಗುಗ್ಗರಿಯ ತಟ್ಟೆ ಹಿಡಿದು ಕುರ್ಚಿ ತಿರುಗಿಸಿಕೊಂಡರು.

ಕಥೇತರ ಚಿತ್ರಗಳ ವಿಭಾಗದಲ್ಲಿ ‘ಮಧ್ಯಂತರ’ ಎಂಬ ಕನ್ನಡ ಕಿರುಚಿತ್ರಕ್ಕೆ ಎರಡು ಪ್ರಶಸ್ತಿ. ಚೊಚ್ಚಲ ನಿರ್ದೇಶನಕ್ಕೆ ಬಸ್ತಿ ದಿನೇಶ್ ಶೆಣೈ, ಸಂಕಲನಕ್ಕೆ ಸುರೇಶ್ ಅರಸ್. ಮನೆಯಲ್ಲಿದ್ದ ಯಾರಿಗೂ ಆ ಹೆಸರು ಗೊತ್ತಿರಲಿಲ್ಲ. ನನಗೆ ಮೈ ಜುಮ್ಮೆಂದಿತು. ಮಣಿರತ್ನಂ ಅವರ ‘ಬಾಂಬೆ’ ಚಿತ್ರದ ಸಂಕಲನಕ್ಕೆ 1995ರ ಸಾಲಿನಲ್ಲಿ ರಾಷ್ಟ್ರಪ್ರಶಸ್ತಿ ಪಡೆದವರು ಇದೇ ಸುರೇಶ್ ಅರಸ್. ಆ ಸಾಲನ್ನು ನೆನಪಿಸಿಕೊಳ್ಳಿ. ಡಾ. ರಾಜ್‌ಕುಮಾರ್ ಅವರಿಗೆ ದಾದಾಸಾಹೇಬ್ ಫಾಲ್ಕೆ ಬಂದದ್ದು ಆ ಸಾಲಿನಲ್ಲಿ. ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ ಚಿತ್ರಕ್ಕೆ ಹಂಸಲೇಖ ಅತ್ಯುತ್ತಮ ಸಂಗೀತ ನಿರ್ದೇಶಕರಾದದ್ದು, ಎಸ್.ಪಿ. ಬಾಲಸುಬ್ರಹ್ಮಣ್ಯಂ ಅತ್ಯುತ್ತಮ ಗಾಯಕರಾದದ್ದು ಆ ಸಾಲಿನಲ್ಲೇ. ಗಿರೀಶ್ ಕಾಸರವಳ್ಳಿ ಅವರ ‘ಕ್ರೌರ್ಯ’ ಅತ್ಯುತ್ತಮ ಕನ್ನಡ ಚಿತ್ರವಾದದ್ದೂ ಆಗಲೇ. ಅಷ್ಟೆಲ್ಲ ಸಂಭ್ರಮದ ನಡುವೆ ತಮಿಳು ಚಿತ್ರವೊಂದನ್ನು ಕತ್ತರಿಸಿ ಜೋಡಿಸಿದವರ ಹೆಸರು ನಮ್ಮ ಕಿವಿಗೆ ಬೀಳಲಿಲ್ಲ. ಆಮೇಲೆ 27 ವರ್ಷ. ಮತ್ತೆ ಅದೇ ಹೆಸರು, ಈ ಸಲ ಹೊಸಬರೊಬ್ಬರ ಪುಟ್ಟ ಕನ್ನಡ ಚಿತ್ರಕ್ಕೆ. ದೊಡ್ಡ ಚಿತ್ರಗಳ ಕೆಲಸ ಮಾಡಿದ ಕೈ ಒಂದು ಕಿರುಚಿತ್ರದ ಮೇಲೂ ಅಷ್ಟೇ ಶ್ರದ್ಧೆಯಿಂದ ಕೂತಿತ್ತು ಅನ್ನುವುದೇ ನನಗೆ ಆ ಸಂಜೆಯ ದೊಡ್ಡ ಸುದ್ದಿ.

ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಕಚೇರಿಗೆ ಬರುವವರನ್ನು ನೋಡಿ. ಇವತ್ತು ಯಾರ ಹಾಡುಗಾರಿಕೆ ಎಂದು ಕೇಳಿದವರೇ ಮುಂದಿನ ಉಸಿರಿನಲ್ಲಿ ಮೃದಂಗ ಯಾರು, ಪಿಟೀಲು ಯಾರು, ಘಟ ಯಾರು ಎಂದು ಕೇಳುತ್ತಾರೆ. ತನಿ ಆವರ್ತನ ಶುರುವಾದಾಗ ಎದ್ದು ಹೋಗುವವರನ್ನು ಕಂಡರೆ ಪಕ್ಕದವರು ಮುಖ ಸಿಂಡರಿಸುತ್ತಾರೆ. ಪಕ್ಕವಾದ್ಯಕ್ಕೆ ಇಷ್ಟು ಮರ್ಯಾದೆ ಕೊಡುವ ಊರು ಸಿನಿಮಾದ ಪಕ್ಕವಾದ್ಯದವರನ್ನು ಗುರುತಿಸದೆ ಇರಬಾರದು. ಚಿತ್ರ ಮುಗಿದು ಹೆಸರುಗಳು ಮೇಲೇರುವಾಗ ನಾವು ಚಪ್ಪಲಿ ಹುಡುಕುತ್ತಿರುತ್ತೇವೆ.

ಇದೇ ಬಡಾವಣೆಯ ಮೂರ್ತಿಯವರು

ಆ ಮನೆಯಲ್ಲಿ ಕೂತು ಇದನ್ನೆಲ್ಲ ಯೋಚಿಸಲು ಇನ್ನೊಂದು ಕಾರಣವಿತ್ತು. ಅದೇ ಶಂಕರಪುರದಲ್ಲಿ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರು ತಮ್ಮ ಕೊನೆಯ ವರ್ಷಗಳನ್ನು ಕಳೆದರು. 2014ರ ಏಪ್ರಿಲ್ 7ರಂದು ತೀರಿಕೊಂಡದ್ದೂ ಅಲ್ಲೇ. ಬ್ರಾಹ್ಮಿನ್ಸ್ ಕಾಫಿ ಬಾರ್ ಮುಂದೆ ನಿಂತು ಇಡ್ಲಿ ತಿನ್ನುವ ಎಷ್ಟು ಜನಕ್ಕೆ, ಈ ಬಡಾವಣೆಯಲ್ಲಿ ಭಾರತೀಯ ಸಿನಿಮಾದ ಬೆಳಕನ್ನೇ ಬದಲಿಸಿದ ಒಬ್ಬರು ಇದ್ದರು ಅನ್ನುವುದು ತಿಳಿದಿತ್ತು?

ಮೈಸೂರಿನಲ್ಲಿ ಹುಟ್ಟಿದ ಮೂರ್ತಿಯವರು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು 1946ರಲ್ಲಿ ಹೊರಬಂದ ಮೊದಲ ತಂಡದವರು. ಅವರ ಬಳಿ ಸಹಾಯಕರಾಗಿ ದುಡಿದ ಗೋವಿಂದ ನಿಹಲಾನಿ ಕೂಡ ಅದೇ ಪಾಲಿಟೆಕ್ನಿಕ್‌ನ ವಿದ್ಯಾರ್ಥಿ. ಮೂರ್ತಿಯವರು ಬೊಂಬಾಯಿಗೆ ಹೋಗಿ ಗುರುದತ್ ಅವರ ಕಣ್ಣಾದರು. 1959ರ ‘ಕಾಗಜ್ ಕೆ ಫೂಲ್’ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರಲ್ಲಿ ಖಾಲಿ ಸ್ಟುಡಿಯೋದ ಕತ್ತಲೆಯನ್ನು ಸೀಳಿಕೊಂಡು ಮೇಲಿನಿಂದ ಒಂದು ಬೆಳಕಿನ ಕೋಲು ಇಳಿಯುತ್ತದೆ. ನಾಯಕ ನಾಯಕಿ ಅದರ ಆಚೆಗೊಬ್ಬರು ಈಚೆಗೊಬ್ಬರು. ವಿದ್ಯುತ್ ದೀಪದಿಂದ ಅಂಥ ನೇರ ಬೆಳಕು ಬರುವುದಿಲ್ಲ, ದೂರ ಹೋದಂತೆ ಹರಡಿಕೊಳ್ಳುತ್ತದೆ. ಬಿಸಿಲಿನ ಕಿರಣ ಹರಡುವುದಿಲ್ಲ. ಹಾಗಾಗಿ ಹೊರಗೆ ಬಿಸಿಲಿನಲ್ಲಿ ಒಂದು ದೊಡ್ಡ ಕನ್ನಡಿ ಇಟ್ಟು, ಸೂರ್ಯನನ್ನು ಹಿಡಿದು, ಒಳಗೆ ಎತ್ತರದಲ್ಲಿ ಕಟ್ಟಿದ ಇನ್ನೊಂದು ಕನ್ನಡಿಗೆ ಹಾಯಿಸಿ, ಅಲ್ಲಿಂದ ನೆಲಕ್ಕೆ ಇಳಿಸಿದರು. ಕೋಲು ಕಾಣಿಸಲೆಂದು ಸ್ವಲ್ಪ ಹೊಗೆ. ಸೂರ್ಯ ಸರಿದ ಹಾಗೆಲ್ಲ ಹೊರಗಿನ ಕನ್ನಡಿಯನ್ನೂ ಸರಿಸಬೇಕು. ಎರಡು ಕನ್ನಡಿ, ಒಂದಿಷ್ಟು ಹೊಗೆ, ಒಬ್ಬರ ತಲೆ: ಇಷ್ಟೇ ಬಂಡವಾಳ. ಚಿತ್ರ ಸೋತಿತು. ಆ ಬೆಳಕು ಇನ್ನೂ ಪಾಠವಾಗಿ ಉಳಿದಿದೆ. ಆ ಚಿತ್ರಕ್ಕೂ, ಆಮೇಲಿನ ‘ಸಾಹಿಬ್ ಬೀಬಿ ಔರ್ ಗುಲಾಮ್’ಗೂ ಅವರಿಗೆ ಫಿಲಂಫೇರ್ ಬಂತು.

2008ರ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆಂದು 2010ರ ಜನವರಿಯಲ್ಲಿ ಘೋಷಣೆಯಾಯಿತು. ಛಾಯಾಗ್ರಾಹಕರೊಬ್ಬರಿಗೆ ಫಾಲ್ಕೆ ಸಿಕ್ಕದ್ದು ಅದೇ ಮೊದಲು. ಅದುವರೆಗೆ ತೆರೆಯ ಮೇಲಿನವರಿಗೆ, ನಿರ್ದೇಶಕರಿಗೆ, ನಿರ್ಮಾಪಕರಿಗೆ, ಸಂಗೀತದವರಿಗೆ ಸಂದಿದ್ದ ಗೌರವ ಕ್ಯಾಮೆರಾ ಹಿಂದಿನವರನ್ನು ಮುಟ್ಟಲು ನಾಲ್ಕು ದಶಕ ಬೇಕಾಯಿತು. ಮೂರ್ತಿಯವರ ಕೆಲಸದ ಹೆಚ್ಚಿನ ಭಾಗ ಹಿಂದಿಯದು. ಕನ್ನಡಕ್ಕೆ ಅವರು ‘ಹೂವು ಹಣ್ಣು’ ಚಿತ್ರದಲ್ಲಿ ಕ್ಯಾಮೆರಾ ಹಿಡಿದರು. ಆದರೂ ಪ್ರಶಸ್ತಿ ಪ್ರಕಟವಾದ ದಿನ ಶಂಕರಪುರದ ಬೀದಿಗಳಲ್ಲಿ ಮೂಡಿದ ಹೆಮ್ಮೆ ಅಪ್ಪಟ ಮನೆಯವರ ಹೆಮ್ಮೆ.

“ನಮ್ಮ ರಾಜ್‌ಕುಮಾರ್‌ಗೆ ಯಾವಾಗ ಬಂತು?”

ಅಜ್ಜಿ ಹೇಳಿದ ಕುಂದಾಪುರದ ಹುಡುಗ ರಿಷಬ್ ಶೆಟ್ಟಿ ವೇದಿಕೆ ಹತ್ತಿದಾಗ ಗೊಂಬೆ ಮನೆಯಲ್ಲಿ ಎದ್ದ ಚಪ್ಪಾಳೆ ಪಕ್ಕದ ಮನೆಗೂ ಕೇಳಿರಬೇಕು. ‘ಕಾಂತಾರ’ದ ಅಭಿನಯಕ್ಕೆ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರ ಕೈಯಿಂದ ಅತ್ಯುತ್ತಮ ನಟನ ರಜತ ಕಮಲ. ‘ಕಾಂತಾರ’ಕ್ಕೆ ಜನಪ್ರಿಯ ಮನರಂಜನಾ ಚಿತ್ರದ ಪ್ರಶಸ್ತಿಯೂ ಇತ್ತು. ಎಲ್ಲರೂ ಆ ಚಿತ್ರದ ಕೊನೆಯ ಆವೇಶವನ್ನು ನೆನೆದರು. ನನಗೆ ಮಾತ್ರ ಶಿವನ ಪಾತ್ರದ ಮೊದಲರ್ಧವೇ ಹೆಚ್ಚು ಇಷ್ಟ. ಕೆಸರಿನಲ್ಲಿ ಕೋಣಗಳ ಹಿಂದೆ ಓಡುವ ಮೈ, ತಾಯಿಯ ಬೈಗುಳಕ್ಕೆ ತಲೆ ತಗ್ಗಿಸುವ ಕತ್ತು, ಕನಸಿನಿಂದ ಬೆಚ್ಚಿ ಏಳುವ ಕಣ್ಣು ಇವೆಲ್ಲ ಒಬ್ಬ ಹಳ್ಳಿಯ ಹುಡುಗನದೇ ಆಗಿ ಕಂಡದ್ದರಿಂದಲೇ ಕೊನೆಯ ಕೂಗನ್ನು ನಾವು ನಂಬಿದ್ದು. ಆಗಸ್ಟ್‌ನಲ್ಲಿ ಪ್ರಶಸ್ತಿ ಪ್ರಕಟವಾದಾಗ ರಿಷಬ್ ಅದನ್ನು ದೈವನರ್ತಕರಿಗೆ, ಕನ್ನಡದ ಜನಕ್ಕೆ, ನಟ ಪುನೀತ್ ಅವರಿಗೆ ಅರ್ಪಿಸಿದ್ದು ನನಗೆ ತುಂಬ ಹಿಡಿಸಿತ್ತು. ದೈವನರ್ತಕರ ಕಲೆಯ ಮೇಲೆ ಆ ಚಿತ್ರ ನಿಂತಿದೆ. ನನ್ನ ಕೈಯಲ್ಲಿದ್ದಿದ್ದರೆ ಅರವಿಂದ್ ಎಸ್. ಕಶ್ಯಪ್ ಅವರ ಕ್ಯಾಮೆರಾಕ್ಕೂ, ಅಜನೀಶ್ ಲೋಕನಾಥ್ ಅವರ ಹಿನ್ನೆಲೆ ಸಂಗೀತಕ್ಕೂ ಅವತ್ತು ಪದಕ ಕೊಡುತ್ತಿದ್ದೆ.

‘ಕೆ.ಜಿ.ಎಫ್: ಚಾಪ್ಟರ್ 2’ ಅತ್ಯುತ್ತಮ ಕನ್ನಡ ಚಿತ್ರವಾಯಿತು, ಸಾಹಸ ನಿರ್ದೇಶನಕ್ಕೂ ಪ್ರಶಸ್ತಿ ಪಡೆಯಿತು. ಸಾಹಸದ ಪ್ರಶಸ್ತಿಗೆ ನನ್ನ ಪೂರ್ತಿ ಒಪ್ಪಿಗೆ. ಭಾಷಾವಾರು ಪ್ರಶಸ್ತಿಯ ಬಗ್ಗೆ ಬೇಸರವಿದೆ. ಜಗತ್ತಿನ ಮೂಲೆಮೂಲೆಯ ತೆರೆ ತಲುಪಿದ ಚಿತ್ರಕ್ಕೆ ಆ ಪದಕದಿಂದ ಹೊಸದಾಗಿ ಏನೂ ಆಗಬೇಕಿಲ್ಲ. ಊರಿಗೊಂದು ಪ್ರದರ್ಶನ ಸಿಗದೆ ಒದ್ದಾಡುವ ಚಿತ್ರಕ್ಕೆ ಅದೇ ಉಸಿರು. ಇನ್ನೊಂದು ಮಾತು: ಆ ದೈತ್ಯ ಚಿತ್ರವನ್ನು ಸಂಕಲನ ಮಾಡಿದ ಉಜ್ವಲ್ ಕುಲಕರ್ಣಿಗೆ ಆಗಿನ್ನೂ ಹತ್ತೊಂಬತ್ತರ ಹರೆಯ, ಕಲಬುರಗಿಯ ಹುಡುಗ. ಅವನ ಹೆಸರನ್ನು ಆ ಸಂಜೆ ಯಾರೂ ಓದಲಿಲ್ಲ. ನಾನು ಓದಿ ಹೇಳಿದೆ. ಮೊಮ್ಮಗ ತಟ್ಟೆ ಕೆಳಗಿಟ್ಟು “ಹತ್ತೊಂಬತ್ತಾ?” ಎಂದು ಕೇಳಿದ. ಅವನಿಗೂ ಹೆಚ್ಚುಕಡಿಮೆ ಅದೇ ವಯಸ್ಸು.

ಆಗಲೇ ಅಜ್ಜಿ ಕೇಳಿದ್ದು: “ನಮ್ಮ ರಾಜ್‌ಕುಮಾರ್‌ಗೆ ಯಾವಾಗ ಬಂತು ಇದು, ಈ ಬೆಸ್ಟ್ ಆ್ಯಕ್ಟರು?”

ಯಾರೂ ಬಾಯಿ ಬಿಡಲಿಲ್ಲ. ಬಂದಿಲ್ಲ ಅಂತ ಹೇಳಲು ಆ ಮನೆಯಲ್ಲಿ ಯಾರಿಗೂ ಮನಸ್ಸಾಗಲಿಲ್ಲ. ಕನ್ನಡ ಚಿತ್ರಗಳಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂದದ್ದು ನಾಲ್ಕೇ ಸಲ. 1975ರ ‘ಚೋಮನ ದುಡಿ’ಗೆ ಎಂ.ವಿ. ವಾಸುದೇವರಾವ್. 1986ರ ‘ತಬರನ ಕಥೆ’ಗೆ ತಮಿಳುನಾಡಿನ ಚಾರುಹಾಸನ್. 2014ರ ‘ನಾನು ಅವನಲ್ಲ... ಅವಳು’ ಚಿತ್ರಕ್ಕೆ ಸಂಚಾರಿ ವಿಜಯ್. ಈಗ ರಿಷಬ್. ರಾಜ್‌ಕುಮಾರ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು ಹಾಡಿಗೆ, 1992ರ ‘ಜೀವನ ಚೈತ್ರ’ದಲ್ಲಿ. ಆಮೇಲೆ ಫಾಲ್ಕೆ. ಗಾಯಕನೆಂದು ಒಪ್ಪಿದ ದೆಹಲಿ ನಟನೆಂದು ಒಪ್ಪಲು ಫಾಲ್ಕೆಯವರೆಗೆ ಕಾಯಿಸಿತು. ‘ಕಸ್ತೂರಿ ನಿವಾಸ’ದಲ್ಲಿ ಕೊಡುವುದಕ್ಕೆ ಏನೂ ಉಳಿಯದೆ ನಿಂತ ಆ ಮನುಷ್ಯ, ‘ಸನಾದಿ ಅಪ್ಪಣ್ಣ’ದ ವಾದ್ಯಗಾರ ಇವೆರಡರಲ್ಲಿ ಒಂದಕ್ಕಾದರೂ ಬರಬೇಕಿತ್ತು. ಜನಪ್ರಿಯ ಚಿತ್ರದಲ್ಲಿ ಒಳ್ಳೆಯ ಅಭಿನಯ ಇರಬಹುದು ಅನ್ನುವುದನ್ನು ಆ ಕಾಲದ ತೀರ್ಪುಗಾರರು ನಂಬಿದ್ದು ಅಪರೂಪ. ‘ಕಾಂತಾರ’ಕ್ಕೆ ಬಂದ ಪ್ರಶಸ್ತಿಯಲ್ಲಿ ನನಗೆ ಕಂಡ ನಿಜವಾದ ಬದಲಾವಣೆ ಇದು. ಅಜ್ಜಿಗೆ ಇದನ್ನು ವಿವರಿಸಿದೆ. “ಅವರೇನು ಪ್ರಶಸ್ತಿಗೆ ಕಾಯ್ತಿದ್ರಾ ಬಿಡು” ಎಂದರು. ಮುಖದ ಮೇಲಿನ ನೋವು ಮಾತ್ರ ಹೋಗಲಿಲ್ಲ.

ನಿತ್ಯಾ ಮೆನನ್ ಬಂದಾಗ ಮತ್ತೆ ಕಳೆ ಬಂತು. ಪ್ರಶಸ್ತಿ ತಮಿಳಿನ ‘ತಿರುಚಿತ್ರಂಬಲಂ’ ಚಿತ್ರಕ್ಕೆ, ಹುಡುಗಿ ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲಿ. “ನಮ್ಮೋಳೇ ಅಲ್ವೇನೇ” ಅಂದರು ಒಬ್ಬರು. ಅತ್ಯುತ್ತಮ ನಟಿ ಪ್ರಶಸ್ತಿಯನ್ನು ಅವರೊಂದಿಗೆ ಹಂಚಿಕೊಂಡ ಗುಜರಾತಿಯ ಮಾನಸಿ ಪಾರೇಖ್ ವೇದಿಕೆಯ ಮೇಲೆ ಅತ್ತೇಬಿಟ್ಟರು. ರಾಷ್ಟ್ರಪತಿಗಳು ಸಮಾಧಾನ ಮಾಡಿದರು. ಗುಜರಾತಿ ಬಾರದ ನಮ್ಮ ಹೆಂಗಸರೂ ಸೆರಗಿನಿಂದ ಕಣ್ಣೊರೆಸಿಕೊಂಡರು. ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ನಲ್ಲಿ ಸೂಲಗಿತ್ತಿ ಗುಲಾಬಿಯ ಮನೆಗೆ ಟಿ.ವಿ. ಬಂದಾಗ ಕುದುರು ಪ್ರದೇಶದ ಹೆಂಗಸರೆಲ್ಲ ಅಲ್ಲಿ ಸೇರುತ್ತಾರಲ್ಲ, ಆ ದೃಶ್ಯ ನೆನಪಾಯಿತು. ಆ ಪಾತ್ರಕ್ಕೆ ಉಮಾಶ್ರೀ ಅವರಿಗೆ ಬಂದದ್ದೂ ಇದೇ ಪ್ರಶಸ್ತಿ.

ಮುಖ ಮಾಡಿದವರ ಹೆಸರು

ಸಂಚಾರಿ ವಿಜಯ್ ಬಗ್ಗೆ ಎರಡು ಮಾತು ಹೆಚ್ಚಾಗಿಯೇ ಬರೆಯಬೇಕು. ರಂಗತಂಡದ ಹೆಸರನ್ನೇ ತನ್ನ ಹೆಸರಿಗೆ ಸೇರಿಸಿಕೊಂಡ ಹುಡುಗ. 2015ರ ಮಾರ್ಚ್‌ನಲ್ಲಿ ಪ್ರಶಸ್ತಿ ಪ್ರಕಟವಾದಾಗ ರಂಗಭೂಮಿಯ ಆಚೆ ಅವರನ್ನು ಬಲ್ಲವರು ಕಡಿಮೆ. ಬಿ.ಎಸ್. ಲಿಂಗದೇವರು ನಿರ್ದೇಶಿಸಿದ ‘ನಾನು ಅವನಲ್ಲ... ಅವಳು’ ಚಿತ್ರ ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆ ಆಧರಿಸಿದ್ದು. ಮಾದೇಶ ಎಂಬ ಹುಡುಗ ವಿದ್ಯಾ ಆಗುವ ಕಥೆ. ಅದೇ ಚಿತ್ರಕ್ಕೆ ಅವತ್ತು ಇನ್ನೊಂದು ಪ್ರಶಸ್ತಿಯೂ ಬಂದಿತ್ತು, ಪ್ರಸಾಧನಕ್ಕೆ. ನಾಗರಾಜು ಮತ್ತು ರಾಜು ಅವರಿಗೆ. ಒಂದು ಮುಖವನ್ನು ಒಳಗಿನಿಂದ ಕಟ್ಟಿದವರಿಗೂ ಹೊರಗಿನಿಂದ ಕಟ್ಟಿದವರಿಗೂ ಒಂದೇ ಸಲ ಮರ್ಯಾದೆ. ತೀರ್ಪುಗಾರರು ಇಷ್ಟು ಕಣ್ಣಿಟ್ಟು ನೋಡಿದ ಇನ್ನೊಂದು ವರ್ಷ ನನಗೆ ನೆನಪಾಗುವುದಿಲ್ಲ.

2021ರ ಜೂನ್‌ನಲ್ಲಿ ಬೈಕ್ ಅಪಘಾತದಲ್ಲಿ ವಿಜಯ್ ಹೋದರು. ಅವರ ಅಂಗಾಂಗಗಳನ್ನು ಮನೆಯವರು ದಾನ ಮಾಡಿದರು. ಮರುವರ್ಷ ಅವರು ಅಭಿನಯಿಸಿದ ‘ತಲೆದಂಡ’ಕ್ಕೆ ಪರಿಸರ ಸಂರಕ್ಷಣೆಯ ವಿಭಾಗದಲ್ಲಿ ರಾಷ್ಟ್ರಪ್ರಶಸ್ತಿ ಬಂತು. ಮರಗಳನ್ನು ಕಾಯಲು ಹೊರಟವನ ಪಾತ್ರ ಅದು.

2021 ಅಂದರೆ ಇನ್ನೊಂದು ದಿನವೂ ನೆನಪಾಗುತ್ತದೆ. ಆ ವರ್ಷ ಅಕ್ಟೋಬರ್ 25ರಂದು 67ನೇ ಪ್ರಶಸ್ತಿ ಪ್ರದಾನದಲ್ಲಿ ರಜನೀಕಾಂತ್ ಫಾಲ್ಕೆ ಪಡೆದರು. ಹನುಮಂತನಗರ, ಗವಿಪುರದ ಕಡೆ ಬೆಳೆದ ಹುಡುಗ, ಬಿ.ಟಿ.ಎಸ್. ಬಸ್ಸಿನ ಕಂಡಕ್ಟರು. ಕೃತಜ್ಞತೆಯ ಮಾತಿನಲ್ಲಿ ಗುರು ಕೆ. ಬಾಲಚಂದರ್, ಅಣ್ಣ ಸತ್ಯನಾರಾಯಣ ರಾವ್ ಅವರ ಜೊತೆಗೆ ಅವರು ಹೇಳಿದ ಮೂರನೆಯ ಹೆಸರು ರಾಜ್ ಬಹದ್ದೂರ್. ಅದೇ ಬಸ್ಸಿನ ಡ್ರೈವರು, ನಿನ್ನಲ್ಲಿ ನಟ ಇದ್ದಾನೆ ಎಂದು ಮೊದಲು ಗುರುತಿಸಿದ ಗೆಳೆಯ. ವಿಜ್ಞಾನ ಭವನದ ವೇದಿಕೆಯಿಂದ ಬೆಂಗಳೂರಿನ ಒಬ್ಬ ಬಸ್ ಡ್ರೈವರ್ ಹೆಸರು ಕೇಳಿದಾಗ ನನಗೆ ಎದ್ದು ನಿಲ್ಲಬೇಕೆನಿಸಿತು. ಎಷ್ಟೋ ತಾರೆಯರ ಕೃತಜ್ಞತೆಯ ಭಾಷಣ ಕೇಳಿದ್ದೇನೆ, ಇದರಷ್ಟು ನೇರವಾದದ್ದನ್ನು ಕೇಳಿಲ್ಲ.

ಆ ದಿನ ಅತ್ಯುತ್ತಮ ಕನ್ನಡ ಚಿತ್ರದ ಪ್ರಶಸ್ತಿ ಪಡೆದದ್ದು ‘ಅಕ್ಷಿ’, ನೇತ್ರದಾನದ ಕಥೆ. ನಾಲ್ಕೇ ದಿನಕ್ಕೆ, ಅಕ್ಟೋಬರ್ 29ರಂದು, ಪುನೀತ್ ಹೋದರು. ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ‘ಬೆಟ್ಟದ ಹೂವು’ ಚಿತ್ರಕ್ಕಾಗಿ ರಾಷ್ಟ್ರಪ್ರಶಸ್ತಿ ಪಡೆದ ಆ ಬಾಲನಟನಿಗೆ 2022ರ ನವೆಂಬರ್ 1ರಂದು ವಿಧಾನಸೌಧದ ಮೆಟ್ಟಿಲುಗಳ ಮೇಲೆ ಮರಣೋತ್ತರ ಕರ್ನಾಟಕ ರತ್ನ. ಸುರಿಯುವ ಮಳೆಯಲ್ಲಿ ರಜನೀಕಾಂತ್, ಜೂನಿಯರ್ ಎನ್‌.ಟಿ.ಆರ್. ಇಬ್ಬರೂ ಬಂದಿದ್ದರು.

ಮರಣೋತ್ತರ ಅನ್ನುವ ಮಾತು ನಮ್ಮ ರಾಜ್ಯದ ಗೌರವಗಳ ಜೊತೆ ಮತ್ತೆ ಮತ್ತೆ ಬರುತ್ತಿರುವುದು ನನಗೆ ಸಂಕಟದ ವಿಷಯ. ಬಿ. ಸರೋಜಾದೇವಿ ಅವರು 1955ರ ‘ಮಹಾಕವಿ ಕಾಳಿದಾಸ’ದಿಂದ ಬೆಳಗಿದವರು. 45ನೇ ಮತ್ತು 53ನೇ ರಾಷ್ಟ್ರಪ್ರಶಸ್ತಿಗಳ ತೀರ್ಪುಗಾರರ ಮಂಡಳಿಯನ್ನು ಮುನ್ನಡೆಸಿದವರು. 2025ರ ಜುಲೈ 14ರಂದು ಮಲ್ಲೇಶ್ವರದ ತಮ್ಮ ಮನೆಯಲ್ಲಿ ಕಣ್ಮುಚ್ಚಿದರು. ಅವರಿಗೂ, 2009ರಲ್ಲೇ ನಮ್ಮನ್ನು ಅಗಲಿದ ವಿಷ್ಣುವರ್ಧನ್ ಅವರಿಗೂ ಕರ್ನಾಟಕ ರತ್ನ ಕೊಡುವ ತೀರ್ಮಾನವಾದದ್ದು 2025ರ ಸೆಪ್ಟೆಂಬರ್‌ನಲ್ಲಿ. ಎರಡು ತಿಂಗಳು ಮೊದಲೇ ಈ ನಿರ್ಧಾರ ಮಾಡಿದ್ದರೆ, ಮಲ್ಲೇಶ್ವರದ ಆ ಮನೆಯ ಬಾಗಿಲಿಗೇ ಹೋಗಿ ಅವರಿಗೆ ಹೇಳಬಹುದಿತ್ತು. ರಾಜ್ಯ ಚಲನಚಿತ್ರ ಪ್ರಶಸ್ತಿಗಳದ್ದೂ ಇದೇ ಪಾಡು. 2019ರ ಚಿತ್ರಗಳ ಪ್ರಶಸ್ತಿ ಪ್ರಕಟವಾದದ್ದು 2025ರ ಜನವರಿಯಲ್ಲಿ. ‘ಪೈಲ್ವಾನ್’ ಚಿತ್ರಕ್ಕೆ ಬಂದ ನಟ ಪ್ರಶಸ್ತಿಯನ್ನು ಸುದೀಪ್ ವಿನಯದಿಂದ ಬೇಡವೆಂದದ್ದೇ ಆಗ ಸುದ್ದಿಯಾಯಿತು. ಪಿ. ಶೇಷಾದ್ರಿ ಅವರ ‘ಮೋಹನದಾಸ’ ಆ ಸಾಲಿನ ಅತ್ಯುತ್ತಮ ಚಿತ್ರ ಅನ್ನುವುದನ್ನು ಯಾರೂ ಚರ್ಚಿಸಲೇ ಇಲ್ಲ. ಐದು ವರ್ಷ ಅಂದರೆ ಒಬ್ಬ ಹೊಸ ಶಬ್ದಗ್ರಾಹಕ ಕಾದು ಬೇಸತ್ತು ಬೇರೆ ಉದ್ಯೋಗ ಹಿಡಿಯಲು ಧಾರಾಳ ಸಾಕಾಗುವ ಕಾಲ. ನಾಲ್ಕು ಭಾಷೆಗಳನ್ನು ಒಂದೇ ವೇದಿಕೆಗೆ ತರುವ ಖಾಸಗಿ ಸಮಾರಂಭಗಳಲ್ಲಿ ಹೊಳಪು ಬೇಕಾದಷ್ಟಿದೆ, ತಂತ್ರಜ್ಞರ ಪ್ರಶಸ್ತಿಯನ್ನು ತೋರಿಸುವ ತಾಳ್ಮೆ ಇಲ್ಲ. ನಾನು ಅವುಗಳನ್ನು ನೋಡುವುದು ಬಿಟ್ಟೆ.

ಪದಕ ಬಂತು, ಚಿತ್ರ ಎಲ್ಲಿ?

ಗೊಂಬೆ ಮನೆಯಿಂದ ತಾಂಬೂಲ ತೆಗೆದುಕೊಂಡು ಹೊರಡುವಾಗ ಆ ಮೊಮ್ಮಗ ಕೇಳಿದ: “ಆ ‘ಮಧ್ಯಂತರ’ ಎಲ್ಲಿ ಸಿಗುತ್ತೆ, ಆಂಟಿ?” ಅವನಿಗೆ ಹೇಳಲು ನನ್ನ ಬಳಿ ಒಂದು ಥಿಯೇಟರಿನ ಹೆಸರಿರಲಿಲ್ಲ.

ಒಂದು ಕಾಲಕ್ಕೆ ಇದಕ್ಕೆ ಉತ್ತರವಿತ್ತು. ಎಂಬತ್ತರ ದಶಕದಲ್ಲಿ ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ದೂರದರ್ಶನದಲ್ಲಿ ಪ್ರಾದೇಶಿಕ ಭಾಷೆಯ ಪ್ರಶಸ್ತಿ ಚಿತ್ರ ಬರುತ್ತಿತ್ತು. ಬಂಗಾಳಿ, ಮಲಯಾಳ, ಅಸ್ಸಾಮಿ ಚಿತ್ರಗಳನ್ನು ಕೆಳಗಿನ ಅಕ್ಷರ ಓದಿಕೊಂಡೇ ನಮ್ಮ ಬೀದಿಯ ಜನ ನೋಡಿದರು. ಥಿಯೇಟರುಗಳು ಹೋದವು. ಮಿನರ್ವ ಹೆಸರು ವೃತ್ತಕ್ಕೆ ಮಾತ್ರ ಉಳಿದಿದೆ. ಕಪಾಲಿ ನೆಲಸಮವಾಯಿತು. 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆ ಕಂಡ ಸಿಟಿ ಮಾರ್ಕೆಟ್ಟಿನ ಪ್ಯಾರಮೌಂಟ್ ಈಗ ಇಲ್ಲ. ಮಾಲುಗಳಲ್ಲಿ ಪ್ರಶಸ್ತಿ ಚಿತ್ರಕ್ಕೆ ಸಿಗುವುದು ಬೆಳಗಿನ ಒಂದು ಆಟ, ಅದೂ ಒಂದು ವಾರ. ಬೆಂಗಳೂರು ಅಂತಾರಾಷ್ಟ್ರೀಯ ಚಿತ್ರೋತ್ಸವದಲ್ಲಿ ತಪ್ಪಿಸಿಕೊಂಡರೆ ಮುಗಿಯಿತು.

ಇಲ್ಲಿ ಸಭಾಂಗಣಗಳಿಗೇನೂ ಬರವಿಲ್ಲ. ಬಿ.ಪಿ. ವಾಡಿಯಾ ರಸ್ತೆಯಲ್ಲಿ ವರ್ಲ್ಡ್ ಕಲ್ಚರ್ ಸಂಸ್ಥೆ, ಕೆ.ಆರ್. ರಸ್ತೆಯಲ್ಲಿ ಗಾಯನ ಸಮಾಜ, ಹನುಮಂತನಗರದಲ್ಲಿ ಕೆ.ಎಚ್. ಕಲಾಸೌಧ, ಚಾಮರಾಜಪೇಟೆಯಲ್ಲಿ ಸಾಹಿತ್ಯ ಪರಿಷತ್ತು, ಮಲ್ಲೇಶ್ವರದಲ್ಲಿ ಸೇವಾಸದನ, ಚೌಡಯ್ಯ ಸ್ಮಾರಕ ಭವನ. ಪ್ರಶಸ್ತಿ ಪ್ರದಾನವಾದ ವಾರದಲ್ಲೇ ಆ ವರ್ಷ ಗೆದ್ದ ಕನ್ನಡ ಚಿತ್ರಗಳನ್ನು ಇಲ್ಲೆಲ್ಲ ತೋರಿಸುವ ಏರ್ಪಾಡು ಸರ್ಕಾರದ ಚಲನಚಿತ್ರ ಅಕಾಡೆಮಿಯಿಂದ ಆಗಬೇಕು. ನಿರ್ದೇಶಕರ ಜೊತೆ ಸಂಕಲನಕಾರರನ್ನೂ ಶಬ್ದಗ್ರಾಹಕರನ್ನೂ ಕರೆದು ಕೂರಿಸಬೇಕು, ಪ್ರೇಕ್ಷಕರು ಅವರನ್ನು ಪ್ರಶ್ನೆ ಕೇಳಬೇಕು. 1977ರಲ್ಲಿ ಸ್ವರ್ಣ ಕಮಲ ಗೆದ್ದ ‘ಘಟಶ್ರಾದ್ಧ’ವನ್ನು ಫಿಲ್ಮ್ ಹೆರಿಟೇಜ್ ಫೌಂಡೇಷನ್ ಹೊಸದಾಗಿ ಸಂಸ್ಕರಿಸಿ 2024ರ ಸೆಪ್ಟೆಂಬರ್‌ನಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿತು. ಎಸ್. ರಾಮಚಂದ್ರ ಅವರು ಕಪ್ಪು ಬಿಳುಪಿನಲ್ಲಿ ಹಿಡಿದ ಮಲೆನಾಡಿನ ಆ ಅಗ್ರಹಾರವನ್ನು ವೆನಿಸ್‌ನವರು ದೊಡ್ಡ ತೆರೆಯ ಮೇಲೆ ನೋಡಿದರು. ಬಸವನಗುಡಿಯವರೂ ನೋಡಬೇಕು.

2025ರ ಸೆಪ್ಟೆಂಬರ್ 23ರಂದು 71ನೇ ಪ್ರಶಸ್ತಿಗಳ ಪ್ರದಾನವಾಯಿತು. ಶಾರುಖ್ ಖಾನ್ ಮತ್ತು ಮೋಹನ್‌ಲಾಲ್ ಅವರನ್ನು ದೇಶವೇ ನೋಡಿತು. ಕೊಡಗಿನ ಯಶೋದಾ ಪ್ರಕಾಶ್ ಕೊಟ್ಟುಕತ್ತಿರ ಅವರ ‘ಕಂದೀಲು’ ಅತ್ಯುತ್ತಮ ಕನ್ನಡ ಚಿತ್ರ. ಕಥೇತರ ವಿಭಾಗದಲ್ಲಿ ಅತ್ಯುತ್ತಮ ಚಿತ್ರಕಥೆಯ ಪ್ರಶಸ್ತಿ ಮೈಸೂರಿನ ಚಿದಾನಂದ ಎಸ್. ನಾಯ್ಕ್ ಅವರ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ ಎಂಬ ಕನ್ನಡ ಕಿರುಚಿತ್ರಕ್ಕೆ. ಅಜ್ಜಿಯೊಬ್ಬಳು ಹುಂಜವನ್ನು ಕದ್ದು ಒಯ್ದದ್ದರಿಂದ ಊರಿಗೆ ಸೂರ್ಯನೇ ಹುಟ್ಟದೆ ಹೋದ ಜನಪದ ಕಥೆ ಅದರದು. ಚಿದಾನಂದ ಓದಿದ್ದು ವೈದ್ಯಕೀಯ, ಹಿಡಿದದ್ದು ಸಿನಿಮಾ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗ ಮಾಡಿದ ಹದಿನಾರು ನಿಮಿಷದ ಈ ಚಿತ್ರ 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಗೆದ್ದಿತ್ತು.

ನಮ್ಮ ಸಭಾಂಗಣಗಳಲ್ಲಿ ಪ್ರಶಸ್ತಿ ಚಿತ್ರಗಳ ಪ್ರದರ್ಶನ ಶುರುವಾಗುವುದಾದರೆ ಮೊದಲ ದಿನ ಇದನ್ನೇ ಹಾಕಲಿ. ರಾತ್ರಿಯಲ್ಲೇ ನಡೆಯುವ ಕಥೆ, ದೊಡ್ಡ ತೆರೆಯೇ ಬೇಕು. ಆಹ್ವಾನಪತ್ರಿಕೆಯಲ್ಲಿ ಚಿದಾನಂದರ ಹೆಸರಿನ ಕೆಳಗೆ, ಅಷ್ಟೇ ದಪ್ಪ ಅಕ್ಷರದಲ್ಲಿ ಇನ್ನು ಮೂರು ಹೆಸರು ಅಚ್ಚಾಗಲಿ: ಛಾಯಾಗ್ರಹಣ ಸೂರಜ್ ಠಾಕೂರ್, ಸಂಕಲನ ಮನೋಜ್ ವಿ., ಶಬ್ದ ಅಭಿಷೇಕ್ ಕದಮ್.